ಚಿಕ್ಕವಳ ಹೆಸರಿನ ಬಾಟಲಿ

ಲಾಂಡ್ರಿಯಲ್ಲಿ ಅವಳಿಗೆ ಕೆಂಡಮ್ಮ ಅಂತ ಹೆಸರು. ಎದುರಿಗೆ ಹಾಗೆ ಕರೆಯುವ ಎದೆಗಾರಿಕೆ ಯಾರಿಗೂ ಇರಲಿಲ್ಲ, ಅದು ಬೇರೆ ಮಾತು. ಆಸ್ಪತ್ರೆಗಳ, ಹೋಟೆಲುಗಳ ಬೆಡ್‌ಶೀಟ್ ಒಗೆದು ಇಸ್ತ್ರಿ ಮಾಡಿ ಕಳಿಸುವ ದೊಡ್ಡ ಲಾಂಡ್ರಿ ಅದು. ಬಿಸಿ ರೋಲರಿಗೆ ಬಟ್ಟೆ ಕೊಡುವ ಜಾಗದಲ್ಲಿ ಹದಿನೆಂಟು ವರ್ಷ ನಿಂತು ಅವಳ ಮುಂಗೈ ಮೇಲೆ ಕೂದಲೇ ಉಳಿದಿರಲಿಲ್ಲ. ಮೇಸ್ತ್ರಿ ತಪ್ಪು ಮಾಡಿದರೂ ಅಷ್ಟೇ, ಮಾಲೀಕ ತಪ್ಪು ಮಾಡಿದರೂ ಅಷ್ಟೇ, ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡುವವಳು. ತನ್ನಲ್ಲಿ ಮುಚ್ಚುಮರೆ ಇಲ್ಲ ಅನ್ನುವುದೇ ಅವಳ ದೊಡ್ಡ ಜಂಬವಾಗಿತ್ತು.

ಮನೆಯಲ್ಲಿ ಅವಳು ಹಿರಿಸೊಸೆ. ಮೈದುನನ ಹೆಂಡತಿಯನ್ನು ಎಲ್ಲರೂ ಚಿಕ್ಕವಳು ಅನ್ನುತ್ತಿದ್ದರು. ಅತ್ತೆ ತೀರಿಹೋಗಿ ವರ್ಷಗಳಾಗಿದ್ದವು. ಮೈದುನ ಲಾರಿ ಓಡಿಸುವವನು, ಹದಿನೈದು ದಿನಕ್ಕೊಮ್ಮೆ ಮುಖ ತೋರಿಸಿದರೆ ಹೆಚ್ಚು. ಹಾಗಾಗಿ ಚಿಕ್ಕವಳು ಮೊದಲ ಬಸುರಿಯಾದಾಗ ಹೇಳುವವಳು, ಕೇಳುವವಳು, ಬೈಯುವವಳು ಎಲ್ಲ ಕೆಂಡಮ್ಮನೇ.

ಚಿಕ್ಕವಳು ಬಟ್ಟೆ ಫ್ಯಾಕ್ಟರಿಯಲ್ಲಿ ಶರ್ಟಿನ ಕಾಲರ್ ಹೊಲಿಯುತ್ತಿದ್ದಳು. ಅಲ್ಲಿ ಹತ್ತು ನಿಮಿಷ ತಡವಾದರೆ ಅರ್ಧ ದಿನದ ಹಾಜರಿ ಹೋಯಿತು ಅಂತಲೇ. ಹೆಲ್ತ್ ಸೆಂಟರಿನ ನಿಯಮವೋ, ತಿಂಗಳ ತಪಾಸಣೆಯ ದಿನ ಬೆಳಿಗ್ಗೆ ಎಂಟರೊಳಗೆ ಮೂತ್ರದ ಬಾಟಲಿ ಕೊಡಬೇಕು, ಸಂಜೆ ಬಂದು ತೂಕ, ಬಿಪಿ ನೋಡಿಸಿಕೊಂಡು ರಿಪೋರ್ಟ್ ತಗೊಳ್ಳಬೇಕು. ಸೆಂಟರು ಲಾಂಡ್ರಿಯ ಬೀದಿಯಲ್ಲೇ ಇತ್ತು.

"ಅಕ್ಕ, ನೀನು ಹೋಗೋ ದಾರೀಲೇ ಇದೆಯಲ್ಲ, ಕೊಟ್ಟು ಹೋಗ್ತೀಯಾ?" ಅಂತ ಚಿಕ್ಕವಳು ಕಾಗದದಲ್ಲಿ ಸುತ್ತಿದ ಬಾಟಲಿ ಹಿಡಿದು ನಿಂತಳು.

"ನಾನು ಎರಡು ಹೆತ್ತೆ. ಒಂದು ಸಲವಾದರೂ ಯಾರಿಗಾದರೂ ಉಚ್ಚೆ ತೋರಿಸಿದ್ದೀನಾ?"

"ಕಾಲ ಬದಲಾಗಿದೆ ಅಕ್ಕ."

"ಕಾಲ ಬದಲಾಗಿರಬಹುದು, ಮಗು ಹೊರಗೆ ಬರೋ ದಾರಿ ಬದಲಾಗಿಲ್ಲ. ಕೊಡು ಇಲ್ಲಿ."

ಆ ಮೊದಲ ಸಲ, ಅಂದರೆ ಐದನೇ ತಿಂಗಳಲ್ಲಿ, ಬಾಟಲಿಯ ಮುಚ್ಚಳ ಸಡಿಲವಾಗಿತ್ತು. ಸೆಂಟರಿನ ಬಾಗಿಲಲ್ಲಿ ಚೀಲ ತೆರೆದು ನೋಡಿದರೆ ಊಟದ ಡಬ್ಬಿ ಸುತ್ತಿದ ಬಟ್ಟೆಯೆಲ್ಲ ಒದ್ದೆ. ಬಾಟಲಿಯಲ್ಲಿ ಉಳಿದದ್ದು ತಳ ಮುಚ್ಚುವಷ್ಟು. ಕೆಂಡಮ್ಮನ ತಲೆ ಕೆಟ್ಟಿತು. ಮತ್ತೆ ಮನೆಗೆ ಹೋಗುವುದೆಂದರೆ ತನ್ನ ಹಾಜರಿಗೂ ಕತ್ತರಿ. ಒಂದು ಗಳಿಗೆ ನಿಂತಳು, ಉಳಿದದ್ದನ್ನು ಕಾಂಪೌಂಡಿನ ಗೋಡೆಯ ಹಿಂದೆ ಚೆಲ್ಲಿದಳು, ಬಾಟಲಿ ತೊಳೆದು ಸೆಂಟರಿನ ಪಾಯಿಖಾನೆಗೆ ಹೋಗಿ ತನ್ನದನ್ನೇ ತುಂಬಿಸಿಕೊಂಡು ಬಂದಳು. ಲ್ಯಾಬಿನವನು ಕಿಟಕಿಯಿಂದ ಕೈ ಚಾಚಿ ಕಾರ್ಡ್ ನೋಡಿ ಚಿಕ್ಕವಳ ಹೆಸರು, ನಂಬರ್ ಬರೆದುಕೊಂಡ. ಮುಖ ಎತ್ತಿ ಸಹ ನೋಡಲಿಲ್ಲ.

ಸಂಜೆ ರಿಪೋರ್ಟ್ ಬಂತು. ಎಲ್ಲ ಸರಿಯಾಗಿದೆ.

"ನೋಡಿದ್ಯಾ?" ಅಂದಳು ಕೆಂಡಮ್ಮ. ಚಿಕ್ಕವಳು ಖುಷಿಯಾಗಿ ನಕ್ಕಳು. ಆ ನಗು ನೋಡಿ ಕೆಂಡಮ್ಮನಿಗೆ ಏನೂ ಅನ್ನಿಸಲಿಲ್ಲ. ಅದನ್ನೇ ಆಮೇಲೆ ನೆನೆಸಿಕೊಂಡು ಅವಳು ತನ್ನನ್ನು ತಾನೇ ಹಿಂಡಿಕೊಂಡದ್ದು.

ಮುಂದಿನ ತಿಂಗಳು ಬಾಟಲಿ ಸೋರಲಿಲ್ಲ. ಆದರೆ ಅನ್ನದ ಡಬ್ಬಿಯ ಪಕ್ಕ ಇನ್ನೊಬ್ಬರ ಉಚ್ಚೆ ಹೊರುವುದು ಅವಳಿಗೆ ಹೇಸಿಗೆ. ಮನೆಯ ತಿರುವು ದಾಟಿದ ಮೇಲೆ ಚರಂಡಿಗೆ ಸುರಿದಳು, ಬೀದಿಯ ನಲ್ಲಿಯಲ್ಲಿ ಬಾಟಲಿ ತೊಳೆದಳು, ಸೆಂಟರಿಗೆ ಹೋಗಿ ತನ್ನದನ್ನೇ ಕೊಟ್ಟಳು. ಏಳರಲ್ಲೂ ಹಾಗೆಯೇ, ಎಂಟರಲ್ಲೂ ಹಾಗೆಯೇ. ಯಾವ ಬಸುರಿಯ ಉಚ್ಚೆಯಲ್ಲಿ ಚಿನ್ನ ಇರುತ್ತೆ, ಎಲ್ಲರದ್ದೂ ಒಂದೇ ಅಂದುಕೊಂಡಳು.

ಎಂಟನೇ ತಿಂಗಳ ತಪಾಸಣೆಯ ಸಂಜೆ ಚಿಕ್ಕವಳ ಕಾಲಿಗೆ ಚಪ್ಪಲಿಯೇ ಹಿಡಿಸಲಿಲ್ಲ. ಬೆರಳಿನ ಉಂಗುರ ಸೋಪು ಹಾಕಿದರೂ ಬರಲಿಲ್ಲ. ಒಬ್ಬಳೇ ನಡೆಯಲಾರಳು ಅಂತ ಕೆಂಡಮ್ಮ ಜೊತೆಗೆ ಹೋದಳು. ನರ್ಸಿನ ಕೋಣೆಯೊಳಗೆ ಅವಳು ಕಾಲಿಟ್ಟದ್ದು ಅದೇ ಮೊದಲು. ನರ್ಸು ವಯಸ್ಸಾದವಳು, ಮೂಗಿನ ತುದಿಗೆ ಕನ್ನಡಕ. ಬಿಪಿಯ ಪಟ್ಟಿ ಸುತ್ತಿ ಗಾಳಿ ಒತ್ತಿದಳು, ಬಿಟ್ಟಳು, ಮತ್ತೊಮ್ಮೆ ಒತ್ತಿದಳು.

"ನೂರ ಮೂವತ್ತೆಂಟು, ಎಂಬತ್ತೆಂಟು. ಗಡಿ ಮೇಲೆ ಬಂದು ಕೂತಿದೆಯಲ್ಲಮ್ಮ. ತಲೆನೋವು ಇದೆಯಾ?"

"ಸ್ವಲ್ಪ ಇದೆ ಸಿಸ್ಟರ್. ದಿನವೆಲ್ಲ ಮಿಷನ್ ಮುಂದೆ ಬಗ್ಗಿ ಕೂತಿರ್ತೀನಲ್ಲ."

ನರ್ಸು ಹೆಬ್ಬೆರಳಿನಿಂದ ಅವಳ ಕಣಕಾಲು ಒತ್ತಿದಳು. ಗುಳಿ ಬಿದ್ದದ್ದು ಮೇಲೇಳಲಿಲ್ಲ. ಆಮೇಲೆ ರಿಪೋರ್ಟಿನ ಚೀಟಿ ನೋಡಿದಳು. "ಪುಣ್ಯಕ್ಕೆ ಮೂತ್ರ ಶುದ್ಧವಾಗಿದೆ. ಪ್ರೋಟೀನ್ ಇಲ್ಲ. ಈ ಊತದ ಜೊತೆ ಅದೂ ಇದ್ದಿದ್ದರೆ ನಿನ್ನನ್ನ ಇವತ್ತು ಮನೆಗೇ ಬಿಡ್ತಿರಲಿಲ್ಲ, ನೇರ ದೊಡ್ಡಾಸ್ಪತ್ರೆಗೆ ಕಳಿಸ್ತಿದ್ದೆ. ಅದು ತಾಯಿ, ಮಗು ಇಬ್ಬರನ್ನೂ ತಗೊಂಡು ಹೋಗೋ ಕಾಯಿಲೆ. ಒಂದು ವಾರ ನೋಡೋಣ. ಕಾಲು ಎತ್ತರಕ್ಕೆ ಇಟ್ಟುಕೊಂಡು ಮಲಗು."

ಕೆಂಡಮ್ಮ ನರ್ಸಿನ ಕೈಯಲ್ಲಿದ್ದ ಆ ಚೀಟಿಯನ್ನೇ ನೋಡಿದಳು.

"ನಮ್ಮಕ್ಕ ಒಂದು ತಿಂಗಳೂ ತಪ್ಪಿಸಿಲ್ಲ ಸಿಸ್ಟರ್," ಅಂತ ಚಿಕ್ಕವಳು ಅವಳ ಕೈ ಹಿಡಿದಳು. "ಕೆಲಸಕ್ಕೆ ಹೋಗೋ ಮುಂಚೆ ಇವಳೇ ತಂದುಕೊಡ್ತಾಳೆ."

"ಒಳ್ಳೇ ಅಕ್ಕ ಸಿಕ್ಕಿದ್ದಾಳೆ ಬಿಡು," ಅಂದಳು ನರ್ಸು.

ನಿಜ ಹೇಳಿಬಿಡಲು ಅದೇ ಸರಿಯಾದ ಗಳಿಗೆಯಾಗಿತ್ತು. ಆದರೆ ಮಾಲೀಕನಿಗೇ ಹೆದರದ ಬಾಯಿಗೆ ಬೀಗ ಬಿದ್ದಿತ್ತು. ಇಬ್ಬರೂ ಮನೆಗೆ ನಡೆದರು.

ಬೆಳಿಗ್ಗೆ ಚಿಕ್ಕವಳು ತಲೆಗೆ ಬಟ್ಟೆ ಬಿಗಿದು ಎದ್ದಳು. "ಕಣ್ಣ ಮುಂದೆ ಏನೋ ಮಿಣುಕು ಮಿಣುಕು ಅನ್ನುತ್ತೆ ಅಕ್ಕ."

"ಇವತ್ತು ಕೆಲಸಕ್ಕೆ ಹೋಗಬೇಡ."

"ಎಲ್ಲ ಸರಿಯಾಗಿದೆ ಅಂತ ಸಿಸ್ಟರೇ ಹೇಳಿದರಲ್ಲ. ನೀನೂ ಕೇಳಿಸಿಕೊಂಡೆಯಲ್ಲ." ಹೊರಟೇಹೋದಳು.

ಕೆಂಡಮ್ಮನೂ ಹೊರಟಳು. ಸೆಂಟರಿನ ಬಾಗಿಲು ಆಗಷ್ಟೇ ತೆರೆದಿತ್ತು. ಅವಳು ಅದರ ಮುಂದೆ ಹಾದು ಲಾಂಡ್ರಿಗೆ ಹೋದಳು. ಹೆದರಿಕೆ ನರ್ಸಿನದ್ದಲ್ಲ. ಮೈದುನ ಏನಂದಾನು, ಗಂಡ ಏನಂದಾನು, ಬೀದಿಯೆಲ್ಲ ಏನಂದೀತು. ಇಷ್ಟು ವರ್ಷ ಊರವರ ತಪ್ಪನ್ನೆಲ್ಲ ಎತ್ತಿ ಆಡಿದವಳು, ಈಗ ತನ್ನ ಈ ಹೊಲಸನ್ನು ಯಾವ ಬಾಯಲ್ಲಿ ಹೇಳುವುದು. ಒಂದು ವಾರ ನೋಡೋಣ ಅಂದಿದ್ದಾರಲ್ಲ, ಮುಂದಿನ ವಾರ ಚಿಕ್ಕವಳ ಬಾಟಲಿಯನ್ನೇ ಕೊಟ್ಟರಾಯಿತು ಅಂತಲೂ ಯೋಚಿಸಿದಳು. ಹೌದು, ಹಾಗೂ ಯೋಚಿಸಿದಳು. ಮೂರು ಗಂಟೆ ಆ ಯೋಚನೆಯನ್ನೇ ಹಿಡಿದುಕೊಂಡು ರೋಲರಿಗೆ ಬಟ್ಟೆ ಕೊಟ್ಟಳು.

"ಏನಕ್ಕ, ಇವತ್ತು ಯಾರಿಗೂ ಬೈದೇ ಇಲ್ಲ. ಮೈ ಹುಷಾರಿಲ್ವಾ?" ಅಂದಳು ರೋಲರಿನ ಆ ಕಡೆ ಬಟ್ಟೆ ಮಡಚುವವಳು.

"ನಿನ್ನ ಕೆಲಸ ನೋಡು."

"ಬೈಗುಳ ಅಂದರೆ ಅದಲ್ಲ. ನಮಗೆ ಅಭ್ಯಾಸ ಆಗಿರೋದು ಬೇರೆ."

ಎಲ್ಲರೂ ನಕ್ಕರು. ಕೆಂಡಮ್ಮ ಕೈಯಲ್ಲಿದ್ದ ಶೀಟನ್ನು ಅರ್ಧಕ್ಕೇ ಬಿಟ್ಟಳು. ಅದು ಸುರುಳಿಸುತ್ತಿ ರೋಲರಿಗೆ ಸಿಕ್ಕಿಕೊಂಡು ಸೀದ ವಾಸನೆ ಬಂತು. ಮೇಸ್ತ್ರಿ ಕೂಗುತ್ತಿದ್ದ. ಅವಳು ತಿರುಗಿ ನೋಡದೆ ಹೊರಗೆ ನಡೆದಳು.

ನರ್ಸು ಟೇಬಲಿನ ಮುಂದೆ ಕಾರ್ಡುಗಳನ್ನು ಜೋಡಿಸುತ್ತಿದ್ದಳು. ಕೆಂಡಮ್ಮ ನಿಂತಲ್ಲೇ ಹೇಳಿದಳು. "ಸಿಸ್ಟರ್, ಆ ರಿಪೋರ್ಟ್ ಅವಳದ್ದಲ್ಲ. ನನ್ನದು."

"ಏನಂದೆ?"

"ಬಾಟಲಿಯಲ್ಲಿದ್ದದ್ದು ನನ್ನದು. ಅವಳದನ್ನ ಚೆಲ್ಲಿಬಿಟ್ಟೆ."

ನರ್ಸು ಕನ್ನಡಕ ತೆಗೆದಳು. "ಎಷ್ಟು ಸಲ?"

"ನಾಲ್ಕು."

"ನಾಲ್ಕೂ?"

"ನಾಲ್ಕೂ."

ಕೆಂಡಮ್ಮ ಬೈಗುಳಕ್ಕೆ ಮೈಯೊಡ್ಡಿ ನಿಂತಿದ್ದಳು. ಅವಳಿಗೆ ಬೈಗುಳ ಬೇಕಾಗಿತ್ತು, ಸಿಕ್ಕಿದ್ದರೆ ಉಸಿರು ಬರುತ್ತಿತ್ತೋ ಏನೋ. ನರ್ಸು ಬೈಯಲಿಲ್ಲ. ಎದ್ದು ಚಪ್ಪಲಿ ಮೆಟ್ಟಿಕೊಂಡಳು. "ಅವಳೆಲ್ಲಿದ್ದಾಳೆ? ಒಂದು ಗಾಡಿ ಹಿಡಿ. ಈಗಲೇ ಕರ್ಕೊಂಡು ಬಾ. ನಡೆಸಬೇಡ."

ಫ್ಯಾಕ್ಟರಿ ಗೇಟಿನಲ್ಲಿ ಸೂಪರ್‌ವೈಸರ್ ಅಡ್ಡ ನಿಂತ. "ಊಟದ ಬೆಲ್ ಆಗಲಿ, ಕಳಿಸ್ತೀವಿ."

"ಒಂದು ಜೀವದ ಬೆಲೆ ಗೊತ್ತಿದೆಯೇನಯ್ಯ ನಿನಗೆ? ಬಸುರಿ ಹೆಂಗಸಿಗೆ ಏನಾದರೂ ಆದರೆ ನೀನು ಕೊಡ್ತೀಯಾ ಲೆಕ್ಕ?" ಕೆಂಡಮ್ಮನ ಗಂಟಲು ಹೊಲಿಗೆ ಮಿಷನ್ನುಗಳ ಸದ್ದನ್ನೂ ಮೀರಿತು. ಮಾತು ಬಾಯಿಂದ ಹೊರಬಿದ್ದ ಮೇಲೆ ಅದು ತನ್ನ ಕಿವಿಗೇ ಬಡಿಯಿತು. ಅವಳು ತಲೆ ತಗ್ಗಿಸಿದಳು. ಸೂಪರ್‌ವೈಸರ್ ತನಗೇ ಹೆದರಿದಳು ಅಂದುಕೊಂಡಿರಬೇಕು, ದೊಡ್ಡ ಮನಸ್ಸು ಮಾಡಿ ಬಿಟ್ಟ.

"ಇನ್ನೊಂದು ಸಲ ನೋಡಬೇಕಂತೆ," ಅಂತಷ್ಟೇ ಚಿಕ್ಕವಳಿಗೆ ಹೇಳಿದ್ದು. ಸೆಂಟರಿನಲ್ಲಿ ಚಿಕ್ಕವಳೇ ಹೋಗಿ ಬಾಟಲಿ ತುಂಬಿಸಿಕೊಂಡು ಬಂದಳು. ನರ್ಸು ತೆಳ್ಳನೆಯ ಕಾಗದದ ಪಟ್ಟಿಯನ್ನು ಅದರಲ್ಲಿ ಅದ್ದಿ ತೆಗೆದಳು. ಹಳದಿ ಚೌಕ ನೋಡುನೋಡುತ್ತಲೇ ಹಸಿರಾಯಿತು, ಆಮೇಲೆ ಇನ್ನೂ ಗಾಢ ಹಸಿರಾಯಿತು. ಪ್ರೋಟೀನ್ ಇತ್ತು, ಅದೂ ಬಹಳ. ಬಿಪಿ ನೂರ ಅರವತ್ತು ದಾಟಿತ್ತು.

ದೊಡ್ಡಾಸ್ಪತ್ರೆಯಲ್ಲಿ ಫಿಟ್ಸ್ ಬಾರದ ಹಾಗೆ ಇಂಜೆಕ್ಷನ್ ಕೊಟ್ಟರು. ಮೂರನೇ ದಿನ ಆಪರೇಷನ್ ಮಾಡಿ ಮಗು ತೆಗೆದರು. ಹೆಣ್ಣು. ಎರಡು ಕಿಲೋನೂ ಇಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿ ಮೂಗಿಗೆ ನಳಿಗೆ ಹಾಕಿದರು. ಇನ್ನೆರಡು ದಿನ ತಡವಾಗಿದ್ದರೆ ಕಷ್ಟವಿತ್ತು, ತಿಂಗಳ ಹಿಂದೆಯೇ ಗೊತ್ತಾಗಿದ್ದರೆ ಸುಲಭವಿತ್ತು ಅಂದರು ಡಾಕ್ಟರಮ್ಮ. ಮನೆಯವರು ಮೊದಲರ್ಧವನ್ನು ಮಾತ್ರ ಕೇಳಿಸಿಕೊಂಡರು.

"ಅತ್ತಿಗೆ, ನೀವು ಕೆಲಸ ಬಿಟ್ಟು ಓಡದೇ ಇದ್ದಿದ್ದರೆ ನನ್ನ ಮನೆ ಮುಳುಗಿ ಹೋಗ್ತಿತ್ತು," ಅಂತ ಮೈದುನ ಎಲ್ಲರ ಮುಂದೆ ಅತ್ತುಬಿಟ್ಟ. ಗಂಡ ಹೆಮ್ಮೆಯಿಂದ ಮೀಸೆ ನೀವಿಕೊಂಡ. ಕೆಂಡಮ್ಮನಿಗೆ ಮೈಮೇಲೆ ಬಿಸಿನೀರು ಹೊಯ್ದ ಹಾಗಾಯಿತು.

ನರ್ಸು ಒಂದು ದಿನ ನೋಡಲು ಬಂದವಳು ಕಾರಿಡಾರಿನಲ್ಲಿ ಅವಳನ್ನು ನಿಲ್ಲಿಸಿದಳು. "ಡಾಕ್ಟರಿಗೆ ಹೇಳಲೇಬೇಕಿತ್ತು, ಹೇಳಿದ್ದೀನಿ. ಅವಳಿಗೆ ನಾನು ಹೇಳಲ್ಲ. ಅದು ನಿನ್ನ ಕೆಲಸ."

"ಹೇಳದಿದ್ದರೆ?"

"ನಾಳೆ ಅವಳು ಇನ್ನೊಂದು ಬಸುರಾದಾಗ ಡಾಕ್ಟರು ಕೇಳ್ತಾರೆ, ಐದು ತಿಂಗಳಲ್ಲಿ ಹೇಗಿತ್ತು, ಆರರಲ್ಲಿ ಹೇಗಿತ್ತು ಅಂತ. ಅವಳು ನಿನ್ನ ರಿಪೋರ್ಟು ಹೇಳ್ತಾಳೆ. ಅಷ್ಟು ಸಾಕಲ್ಲ?"

ಆ ಮಧ್ಯಾಹ್ನ ವಾರ್ಡಿನಲ್ಲಿ ಚಿಕ್ಕವಳು ಎದೆಹಾಲು ಹಿಂಡಿ ಪುಟ್ಟ ಲೋಟಕ್ಕೆ ತುಂಬಿಸುತ್ತಿದ್ದಳು. ಲೋಟ ಹಿಡಿದು ಕೂತ ಕೆಂಡಮ್ಮ ಎಲ್ಲವನ್ನೂ ಹೇಳಿದಳು. ಸೋರಿದ್ದು, ಚೆಲ್ಲಿದ್ದು, ಹೇಸಿಗೆ ಪಟ್ಟದ್ದು, ಸೆಂಟರಿನ ಬಾಗಿಲು ದಾಟಿ ಹೋಗಿ ಮೂರು ಗಂಟೆ ಬಾಯಿ ಬಿಡದೆ ನಿಂತದ್ದು. ಒಂದನ್ನೂ ಮೆತ್ತಗೆ ಮಾಡಿ ಹೇಳಲಿಲ್ಲ, ಅವಳಿಗೆ ಹಾಗೆ ಹೇಳಲು ಬರುತ್ತಲೂ ಇರಲಿಲ್ಲ.

ಚಿಕ್ಕವಳ ಕೈ ನಿಂತಿತು.

"ನಿನ್ನದರಲ್ಲಿ ಏನೂ ಇರಲಿಲ್ಲ, ಅಲ್ವಾ?"

"ಇರಲಿಲ್ಲ."

"ಒಳ್ಳೇದಾಯ್ತು ಬಿಡು. ನಾಲ್ಕು ತಿಂಗಳು ನಿನ್ನ ಆರೋಗ್ಯ ಚೆನ್ನಾಗಿದೆ ಅಂತ ನಾನು ಖುಷಿಪಟ್ಟೆ."

ಕೆಂಡಮ್ಮ ತುಟಿ ಕಚ್ಚಿಕೊಂಡಳು. "ಬೈಯೇ. ಹೊಡಿ ಬೇಕಾದರೆ."

"ಬೈದರೆ ನಿನಗೆ ಹಗುರಾಗುತ್ತೆ. ನನಗೇನಾಗುತ್ತೆ?"

ಹಾಲನ್ನು ಮಗುವಿನ ಕೋಣೆಗೆ ಒಯ್ಯುವ ಹೊತ್ತಾಗಿತ್ತು. ಇಷ್ಟು ದಿನ ಕಾರಿಡಾರಿನ ತುದಿಯವರೆಗೆ ಒಯ್ದು ಕೊಡುತ್ತಿದ್ದವಳು ಕೆಂಡಮ್ಮ. ಅವಳು ಎದ್ದಳು. ಚಿಕ್ಕವಳು ಅವಳ ಕೈಯಿಂದ ಲೋಟ ತೆಗೆದುಕೊಂಡಳು.

"ನಾನೇ ಹೋಗ್ತೀನಿ."

"ಹೊಲಿಗೆ ಬಿಚ್ಚಿಲ್ಲ ಕಣೇ."

"ಗೊತ್ತು."

ಒಂದು ಕೈಯಲ್ಲಿ ಲೋಟ, ಇನ್ನೊಂದು ಕೈ ಗೋಡೆಗೆ. ಚಿಕ್ಕವಳು ಬಗ್ಗಿಕೊಂಡು ಹೆಜ್ಜೆ ಎಣಿಸಿದ ಹಾಗೆ ನಡೆದಳು. ಎರಡು ಸಲ ನಿಂತಳು. ಕೆಂಡಮ್ಮ ಎರಡು ಮಾರು ಹಿಂದೆ ಬಂದಳು, ತೋಳು ಹಿಡಿಯಲು ಕೈ ಚಾಚಿದಳು, ಎಳೆದುಕೊಂಡಳು. ಮಗುವಿನ ಕೋಣೆಗೆ ತಾಯಿಗೆ ಮಾತ್ರ ಪ್ರವೇಶ. ಬಾಗಿಲು ಮುಚ್ಚಿಕೊಂಡಿತು.

ಅರ್ಧ ಗಂಟೆಯಾದ ಮೇಲೆ ಚಿಕ್ಕವಳು ಹೊರಗೆ ಬಂದಳು. ಬೆಂಚಿನ ಈ ತುದಿಯಲ್ಲಿ ಕೆಂಡಮ್ಮ ಕೂತಿದ್ದಳು, ಅವಳು ಆ ತುದಿಯಲ್ಲಿ ಕೂತಳು. ಹಣೆ ಬೆವೆತಿತ್ತು, ಉಸಿರು ಇನ್ನೂ ಹದಕ್ಕೆ ಬಂದಿರಲಿಲ್ಲ.

"ನಾಲ್ಕು ಚಮಚ ಕುಡಿದಳು," ಅಂದಳು, ಎದುರಿನ ಗೋಡೆಗೆ ಹೇಳುವ ಹಾಗೆ.

ಅದು ತನಗೆ ಹೇಳಿದ ಮಾತೇ, ಅಲ್ಲವೇ ಎಂದು ಕೆಂಡಮ್ಮನಿಗೆ ಗೊತ್ತಾಗಲಿಲ್ಲ. ಉತ್ತರ ಕೊಡುವ ಹಕ್ಕು ತನಗಿದೆಯೇ ಅನ್ನುವುದೂ ಗೊತ್ತಾಗಲಿಲ್ಲ. ಚಿಕ್ಕವಳು ಏಳುವವರೆಗೆ ತಾನೂ ಏಳಲಿಲ್ಲ.