ಬಸ್ಸಾಟದ ಹದಿನಾಲ್ಕು ದೋಷಗಳು

ಡ್ರೈವರಕ್ಕನಿಗೆ ಯಾವ ಗೇಮೂ ಒಂದೇ ಏಟಿಗೆ ಹಿಡಿಸಿದ್ದಿಲ್ಲ. ಹಿಡಿಸಿದರೂ ಅದನ್ನವಳು ಬಾಯಿಬಿಟ್ಟು ಹೇಳಿದ್ದಿಲ್ಲ. ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿದ ಹೆಂಗಸು ಐವತ್ತನೇ ವಯಸ್ಸಿನಲ್ಲಿ ತಮ್ಮನ ಹಳೇ ಲ್ಯಾಪ್‌ಟಾಪ್ ಮುಂದೆ ಕನ್ನಡಕ ಏರಿಸಿಕೊಂಡು ಗೇಮ್ ಆಡುತ್ತಾಳೆ ಎಂದರೆ ಡಿಪೋದಲ್ಲಿ ಒಬ್ಬರೂ ನಂಬುತ್ತಿರಲಿಲ್ಲ. ಅವಳು ಆಡಿ ಸುಮ್ಮನಾಗುವವಳೂ ಅಲ್ಲ. ಆಡಿದ ಪ್ರತಿ ಗೇಮಿನ ಪುಟದಲ್ಲೂ ಕಡ್ಡಿ ಮುರಿದ ಹಾಗೆ ತನ್ನ ಅಭಿಪ್ರಾಯ ಬರೆದೇ ಏಳುತ್ತಿದ್ದಳು.

ದೊಡ್ಡ ಕಂಪನಿಗಳ ಗೇಮು ಅವಳಿಗೆ ಬೇಡ. ಅವುಗಳಲ್ಲಿ ಎಲ್ಲರೂ ಸುಮ್ಮಸುಮ್ಮನೆ ಗುಂಡು ಹಾರಿಸುತ್ತಾರೆ ಎಂಬುದು ಅವಳ ತಕರಾರು. ಒಬ್ಬರೋ ಇಬ್ಬರೋ ಮನೆಯಲ್ಲೇ ಕೂತು ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ಮಾಡಿದ ಸಣ್ಣ ಗೇಮುಗಳೆಂದರೆ ಮಾತ್ರ ಅವಳಿಗೆ ಪ್ರೀತಿ. ಆ ಪ್ರೀತಿಯನ್ನು ಅವಳು ತೋರಿಸುತ್ತಿದ್ದ ರೀತಿಯೇ ಬೇರೆ.

ತೋಟ ಮಾಡುವ ಗೇಮಿಗೆ ಬರೆದಳು: “ಬೀಜ ಹಾಕಿ ಮೂರು ದಿನಕ್ಕೆ ಕುಂಬಳಕಾಯಿ. ನೆರೆಯವರೆಲ್ಲ ನಗುನಗುತ್ತಾ ಬರುತ್ತಾರೆ, ಯಾರೂ ಏನನ್ನೂ ಸಾಲ ಕೇಳುವುದಿಲ್ಲ. ಇಂಥ ನೆರೆಹೊರೆ ಎಲ್ಲಿದೆ, ವಿಳಾಸ ಕೊಡಿ.” ನರಿಮರಿ ಹಳ್ಳ ಹಾರುವ ಗೇಮಿಗೆ: “ಇನ್ನೂರ ಹನ್ನೊಂದು ಸಲ ಸತ್ತೆ. ಪ್ರತಿ ಸಲವೂ ಅದೇ ಕುಣಿತದ ಸಂಗೀತ. ಸತ್ತವರಿಗೆ ಒಂದು ನಿಮಿಷ ಮೌನ ಕೊಡಿ.” ಅಂಚೆ ಕಚೇರಿಯ ಗೇಮಿಗೆ: “ಬೇರೆಯವರ ಕಾಗದ ಒಡೆದು ಓದಬಹುದು. ಓದಿದೆ, ನಾಚಿಕೆಯಾಯಿತು, ಮುಂದಿನದನ್ನೂ ಓದಿದೆ. ಒಳ್ಳೆಯವರನ್ನು ಕೆಡಿಸುತ್ತೀರಿ.” ಮುದುಕಿಯೊಬ್ಬಳು ಬೆಂಚಿನ ಮೇಲೆ ಕೂತು ಹಳೆಯದನ್ನು ನೆನೆಯುವ ಗೇಮೊಂದಿತ್ತು, ಲೋಕವೆಲ್ಲ ಅದನ್ನು ಆಡಿ ಅತ್ತಿತ್ತು. ಅದಕ್ಕೆ ಇವಳು ಬರೆದದ್ದು: “ಅರ್ಧ ಗಂಟೆ ನಾನೂ ಜೊತೆಗೆ ಕೂತೆ. ಬಸ್ಸು ಬರಲಿಲ್ಲ. ಯಾವ ರೂಟು ಎಂಬ ಬೋರ್ಡೂ ಇಲ್ಲ.”

ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವ ತಮ್ಮ ಇವನ್ನೆಲ್ಲ ಓದಿ ಬಿದ್ದು ಬಿದ್ದು ನಗುತ್ತಿದ್ದ. ಅಕ್ಕ ಹೀಗೆ ಜಗಳ ಕಾಯುತ್ತಾ ಕೂತದ್ದೇ ಅವನಿಗೆ ಸಮಾಧಾನ. ಅದಕ್ಕೂ ಮುಂಚಿನ ಎರಡು ತಿಂಗಳು ಅವಳು ಗೋಡೆ ನೋಡುತ್ತಾ ಕೂತಿದ್ದಳು.

ಎಂಟು ತಿಂಗಳ ಹಿಂದೆ ನೀರಿನ ಟ್ಯಾಂಕಿನ ಪಕ್ಕದ ತಿರುವಿನಲ್ಲಿ ಅವಳ ಬಸ್ಸು ಜಾರಿ ಗೋಡೆಗೆ ಹೋಗಿ ಒರಗಿತ್ತು. ಒಬ್ಬರ ಹಲ್ಲು ಮುರಿಯಿತು, ಇನ್ನೊಬ್ಬರ ಕನ್ನಡಕ. ಅಷ್ಟೇ. ರಸ್ತೆಗೆ ಯಾರೋ ಚೆಲ್ಲಿಹೋದ ಎಣ್ಣೆಯಿಂದ ಆದದ್ದು, ಡ್ರೈವರ ತಪ್ಪಿಲ್ಲ ಎಂದು ವಿಚಾರಣೆಯಲ್ಲಿ ತೀರ್ಮಾನವೂ ಆಯಿತು. ಆದರೆ ಮತ್ತೆ ಡ್ಯೂಟಿಗೆ ಬಂದ ದಿನ ಸೀಟಿನಲ್ಲಿ ಕೂತು ಸ್ಟೀರಿಂಗ್ ಹಿಡಿದವಳಿಗೆ ಕೈ ಬಿಡಲಾಗಲಿಲ್ಲ. ಬೆರಳುಗಳು ಬಿಗಿದುಕೊಂಡುಬಿಟ್ಟವು. ಇಬ್ಬರು ಸೇರಿ ಒಂದೊಂದಾಗಿ ಬಿಡಿಸಬೇಕಾಯಿತು. ಡಿಪೋ ಮ್ಯಾನೇಜರ್ ಒಳ್ಳೆಯ ಮನುಷ್ಯ, ಏನೂ ಅನ್ನಲಿಲ್ಲ. ಪ್ರಯಾಣಿಕರು ಮರೆತುಹೋದ ಕೊಡೆ, ಚೀಲ, ಒಂಟಿ ಚಪ್ಪಲಿಗಳ ಕೌಂಟರಿನಲ್ಲಿ ಸ್ವಲ್ಪ ದಿನ ಕೂರಿ ಎಂದರು. ಆ ಸ್ವಲ್ಪ ದಿನ ಏಳು ತಿಂಗಳಾಗಿತ್ತು.

ತಮ್ಮ ತಂದ ರಾಶಿ ಗೇಮುಗಳ ನಡುವೆ ಒಂದು ದಿನ ಬಸ್ಸಾಟ ಸಿಕ್ಕಿತು. ಬೆಟ್ಟದ ದಾರಿಯಲ್ಲಿ ಒಂದು ಹಳದಿ ಬಸ್ಸು, ಈ ಊರಿನಿಂದ ಆ ಊರಿಗೆ. ಗೆಲ್ಲುವುದಿಲ್ಲ, ಸೋಲುವುದಿಲ್ಲ, ಗಡಿಯಾರವೂ ಇಲ್ಲ. ಮಾಡಿದವಳು ಒಬ್ಬಳೇ ಹೆಂಗಸು ಎಂದು ಪುಟದಲ್ಲಿ ಬರೆದಿತ್ತು. ಮೊದಲ ದಿನ ಡ್ರೈವರಕ್ಕ ಕೀಬೋರ್ಡಿನ ಮೇಲೆ ಬೆರಳಿಟ್ಟು ಬೆವತಳು. ಬಸ್ಸು ನಿಲ್ದಾಣ ಬಿಟ್ಟು ಕದಲಲಿಲ್ಲ. ನಾಲ್ಕನೇ ದಿನ ಮೊದಲ ತಿರುವಿನವರೆಗೆ ಹೋಗಿ ಲ್ಯಾಪ್‌ಟಾಪ್ ಮುಚ್ಚಿದಳು. ಮೂರನೇ ವಾರಕ್ಕೆ ಬೆಟ್ಟ ಹತ್ತಿದಳು. ಆಮೇಲೆ ದಿನಾ ಬೆಳಿಗ್ಗೆ ಟೀ ಕುಡಿದು, ಕೌಂಟರಿಗೆ ಹೊರಡುವ ಮುಂಚೆ, ಒಂದು ಟ್ರಿಪ್ ಹೋಗಿ ಬಂದರೇ ಅವಳಿಗೆ ದಿನ ಶುರು.

ಇಷ್ಟು ಹಚ್ಚಿಕೊಂಡ ಗೇಮಿಗೆ ಅವಳು ಎಲ್ಲಕ್ಕಿಂತ ಉದ್ದದ ಅಭಿಪ್ರಾಯ ಬರೆದಳು. ಡಿಪೋದಲ್ಲಿ ಡ್ಯೂಟಿ ಮುಗಿಸಿದ ಡ್ರೈವರು ದೋಷದ ಪುಸ್ತಕದಲ್ಲಿ ಬರೆಯುವ ಹಾಗೆಯೇ: ಹೊರಟ ಸಮಯ, ಬಂದ ಸಮಯ, ಕೆಳಗೆ ದೋಷಗಳು. ಒಂದು, ಪ್ರಯಾಣಿಕರ ಎರಡನೇ ಕಾಲು ಒಳಗೆ ಬರುವ ಮುಂಚೆಯೇ ಬಾಗಿಲು ಮುಚ್ಚುತ್ತದೆ. ನಾಲ್ಕು, ವೈಪರಿನ ಸದ್ದೂ ಇಂಡಿಕೇಟರಿನ ಸದ್ದೂ ಒಂದೇ. ಒಂಬತ್ತು, ತಿರುವು ಮುಗಿದ ಮೇಲೂ ಸ್ಟೀರಿಂಗ್ ತಿರುಗಿದಲ್ಲೇ ಇರುತ್ತದೆ, ತಾನಾಗಿ ನೇರವಾಗುವುದಿಲ್ಲ. ಹದಿನಾಲ್ಕು, ಡ್ರೈವರಿಗೆ ನೀರಿನ ಬಾಟಲಿ ಇಡಲು ಜಾಗವಿಲ್ಲ. ಬರೆದು ಮುಗಿಸಿದಾಗ ಒಂದು ಒಳ್ಳೆಯ ಕೆಲಸ ಮಾಡಿದೆ ಎನ್ನಿಸಿತ್ತು.

ಗುರುವಾರ ಬೆಳಿಗ್ಗೆ ಗೇಮಿನ ಪುಟ ತೆರೆದವಳು ತಮ್ಮನನ್ನು ಕೂಗಿ ಕರೆದಳು. ಮಾಡಿದವಳು ಅಲ್ಲಿ ಬರೆದಿದ್ದಳು: “ಬಸ್ಸು ಬಲ್ಲವರೊಬ್ಬರು ಹದಿನಾಲ್ಕು ದೋಷ ತೋರಿಸಿದ್ದಾರೆ. ಎಲ್ಲವೂ ನಿಜ. ನಾನು ಬಸ್ಸು ಓಡಿಸಿದವಳಲ್ಲ, ಕಿಟಕಿ ಪಕ್ಕ ಕೂತವಳು. ನಾಲ್ಕು ವರ್ಷ ಇದಕ್ಕೆ ಹಾಕಿದೆ. ಗೊತ್ತಿಲ್ಲದ ಕೆಲಸಕ್ಕೆ ಕೈ ಹಾಕಬಾರದಿತ್ತು. ಭಾನುವಾರ ಈ ಗೇಮನ್ನು ತೆಗೆದುಹಾಕುತ್ತೇನೆ. ಆಡಿದವರಿಗೆಲ್ಲ ವಂದನೆ.”

“ಏನಕ್ಕಾ ಬರ್ದಿದ್ದೆ ನೀನು?” ಹಲ್ಲುಜ್ಜುವುದನ್ನು ಅರ್ಧಕ್ಕೆ ಬಿಟ್ಟು ಬಂದ ತಮ್ಮ ಅದನ್ನು ಓದಿ ಕೇಳಿದ.

“ಇದ್ದಿದ್ದು ಬರ್ದೆ. ಸುಳ್ಳು ಬರೀಲಾ?”

ಅವನು ಹದಿನಾಲ್ಕನ್ನೂ ಓದಿದ. ಈ ಸಲ ನಗಲಿಲ್ಲ. “ಇಷ್ಟವಾಯ್ತು ಅಂತ ಒಂದು ಸಾಲಾದ್ರೂ ಬೇಡ್ವಾ?”

“ಚೆನ್ನಾಗಿರೋದನ್ನ ಯಾರಾದ್ರೂ ದೋಷದ ಪುಸ್ತಕದಲ್ಲಿ ಬರೀತಾರೇನೋ? ರಿಪೇರಿ ಆಗ್ಲಿ ಅಂತ ತಾನೇ ಬರಿಯೋದು?”

“ಅದು ನಿಮ್ಮ ಡಿಪೋ ಕಣಕ್ಕಾ. ಆ ಹೆಂಗಸಿಗೇನು ಗೊತ್ತು? ಅವಳು ನಿನ್ನ ಮೆಕ್ಯಾನಿಕ್ ಅಲ್ಲ.”

ಡ್ರೈವರಕ್ಕ ಅವನ ಮೇಲೆ ರೇಗಿದಳು, ತಿಂಡಿ ಬಿಟ್ಟು ಹೊರಟಳು. ಕೌಂಟರಿನಲ್ಲಿ ಒಬ್ಬರ ಕೊಡೆಯನ್ನು ಇನ್ನೊಬ್ಬರಿಗೆ ಕೊಟ್ಟು ಬೈಸಿಕೊಂಡಳು. ತನ್ನ ಕೈ ಹಿಡಿದು ಬೆಟ್ಟ ಹತ್ತಿಸಿದವಳ ಹೊಟ್ಟೆಯ ಮೇಲೆ ತಾನೇ ಹೊಡೆದ ಹಾಗಾಯಿತಲ್ಲ ಎಂಬ ಸಂಕಟ ಊಟದ ಹೊತ್ತಿಗೆ ತಡೆಯದಾಯಿತು. ಎದ್ದು ವರ್ಕ್‌ಶಾಪಿಗೆ ಹೋದಳು.

ಅಲ್ಲಿ ಹಿರಿಯ ಮೆಕ್ಯಾನಿಕ್ ಗ್ರೀಸಣ್ಣ ಬಸ್ಸಿನ ಕೆಳಗಿದ್ದ. ಕಾಲು ಮಾತ್ರ ಕಾಣುತ್ತಿತ್ತು. ಅವಳು ಕಾಲಿನ ಜೊತೆಯೇ ಮಾತಾಡಿದಳು.

“ಗ್ರೀಸಣ್ಣ, ಇಪ್ಪತ್ತೆರಡು ವರ್ಷ ನಿಮಗೆ ಬರೀ ದೋಷ ಬರ್ದು ಕೊಟ್ಟಿದೀನಿ. ಒಂದಿನಾನೂ ಬೇಜಾರಾಗ್ಲಿಲ್ವಾ?”

“ಯಾಕಾಗ್ಬೇಕು?” ಎಂದಿತು ಕೆಳಗಿನ ದನಿ. “ಬೆಳಿಗ್ಗೆ ಬಂದು ಅದೇ ಗಾಡೀನ ತಗೊಂಡು ಹೋಗ್ತಿದ್ರಲ್ಲ. ನಾನು ಗೇಟಲ್ಲಿ ನಿಂತು ನೋಡ್ತಿದ್ದೆ. ಕೆಲಸ ಸರಿ ಇಲ್ದಿದ್ರೆ ತಗೊಂಡು ಹೋಗ್ತಿದ್ರಾ?”

ಅವಳು ಅಲ್ಲೇ ಒಂದು ಹಳೇ ಟೈರಿನ ಮೇಲೆ ಕೂತಳು. ಮಾತು ಅಷ್ಟು ಸರಳವಾಗಿತ್ತು. ದಿನಾ ಬೆಳಿಗ್ಗೆ ತಾನು ಆ ಹಳದಿ ಬಸ್ಸನ್ನು ತೆಗೆದುಕೊಂಡು ಹೋಗುತ್ತಿದ್ದದ್ದು ಮಾಡಿದವಳಿಗೆ ಕಂಡಿರಲೇ ಇಲ್ಲ. ಅವಳಿಗೆ ತಲುಪಿದ್ದು ದೋಷದ ಪುಸ್ತಕ ಮಾತ್ರ.

ಸಂಜೆ ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದಳು. ನಾನು ಬರೆದುಕೊಡಲಾ ಎಂದ ತಮ್ಮನನ್ನು ಅಡುಗೆಮನೆಗೆ ಅಟ್ಟಿದಳು. ದೋಷ ಬರೆಯಲು ಹತ್ತು ನಿಮಿಷ ಸಾಕಾಗಿದ್ದವಳಿಗೆ ಇದಕ್ಕೆ ಎರಡು ಗಂಟೆ ಹಿಡಿಯಿತು.

“ಹದಿನಾಲ್ಕು ದೋಷ ಬರೆದವಳು ನಾನೇ. ಬಸ್ಸು ಓಡಿಸುತ್ತಿದ್ದವಳು. ನಮ್ಮಲ್ಲಿ ದೋಷ ಬರೆಯುವುದು ನಾಳೆಯೂ ಅದೇ ಬಸ್ಸು ಬೇಕು ಎಂದು. ಬೇಡವಾದ ಬಸ್ಸಿಗೆ ಯಾರೂ ಏನೂ ಬರೆಯುವುದಿಲ್ಲ. ಇದು ನಿಮಗೆ ಗೊತ್ತಿರುವುದಿಲ್ಲ ಎಂದು ನನಗೆ ಹೊಳೆಯಲಿಲ್ಲ, ತಪ್ಪು ನನ್ನದು. ಒಂದು ಅಪಘಾತವಾದ ಮೇಲೆ ನಾನು ಬಸ್ಸು ಹತ್ತಲು ಹೆದರುತ್ತಿದ್ದೆ, ಪ್ರಯಾಣಿಕಳಾಗಿ ಕೂಡ. ಕೆಲಸಕ್ಕೆ ಮೂರು ಕಿಲೋಮೀಟರ್ ನಡೆದು ಹೋಗುತ್ತಿದ್ದೆ. ನಿಮ್ಮ ಬಸ್ಸಿನಲ್ಲಿ ಅರವತ್ತೆರಡು ಟ್ರಿಪ್ ಹೋಗಿದ್ದೇನೆ. ಮೂವತ್ತನೇ ಟ್ರಿಪ್ ಆದ ಮೇಲೆ ಒಂದು ದಿನ ನಿಜವಾದ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತೆ. ನೀವು ಕೂತಿದ್ದ ಜಾಗದಲ್ಲೇ. ಅಲ್ಲಿಂದ ರಸ್ತೆ ಚೆನ್ನಾಗಿ ಕಾಣುತ್ತದೆ, ನೀವು ಸರಿಯಾಗಿ ನೋಡಿದ್ದೀರಿ. ಬೆಳಕು, ಇಳಿಜಾರು, ಹತ್ತುವವರು ಮೊದಲು ಡ್ರೈವರ ಮುಖ ನೋಡುವುದು, ಎಲ್ಲ ಸರಿಯಾಗಿದೆ. ನಿಮ್ಮ ಉಪಕಾರ ದೊಡ್ಡದು. ದಯವಿಟ್ಟು ತೆಗೆಯಬೇಡಿ. ನಾಳೆ ಬೆಳಿಗ್ಗೆಯೂ ನನಗೆ ಆ ಬಸ್ಸು ಬೇಕು.”

ಶುಕ್ರವಾರ ಉತ್ತರವಿಲ್ಲ, ಶನಿವಾರವೂ ಇಲ್ಲ. ಮನೆಯಲ್ಲಿ ತಮ್ಮನೂ ಬೆಕ್ಕಿನ ಹಾಗೆ ಸದ್ದಿಲ್ಲದೆ ಓಡಾಡಿದ. ಭಾನುವಾರ ಮಧ್ಯಾಹ್ನ ಉತ್ತರ ಬಂತು. ಡ್ರೈವರಕ್ಕ ಅದನ್ನು ನಿಂತುಕೊಂಡೇ ಓದಿದಳು.

“ತೆಗೆಯುವುದಿಲ್ಲ. ನಿಮ್ಮ ಕಾಗದವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಬಾಗಿಲು, ವೈಪರು, ನೀರಿನ ಬಾಟಲಿ ಸರಿಮಾಡಿದ್ದೇನೆ, ನೋಡಿ. ಉಳಿದವು ಒಂದೊಂದಾಗಿ ಆಗುತ್ತವೆ. ಒಂಬತ್ತನೆಯದು ಮಾತ್ರ ತಿಳಿಯಲಿಲ್ಲ. ತಿರುವು ಮುಗಿದಾಗ ಸ್ಟೀರಿಂಗ್ ತಾನಾಗಿ ನೇರವಾಗಲು ಎಷ್ಟು ಹೊತ್ತು ಬೇಕು? ಆಗ ನಿಮ್ಮ ಕೈ ಏನು ಮಾಡುತ್ತಿರುತ್ತದೆ?”

ತಮ್ಮ ಕಣ್ಣೊರೆಸಿಕೊಂಡ. ಡ್ರೈವರಕ್ಕನಿಗೆ ಅಳಲು ಪುರಸೊತ್ತಿರಲಿಲ್ಲ. ಅಡುಗೆಮನೆಯ ಗೋಡೆಯ ಸ್ಟ್ಯಾಂಡಿನಿಂದ ತಟ್ಟೆಯೊಂದನ್ನು ಇಳಿಸಿ ಎರಡೂ ಕೈಯಲ್ಲಿ ಹಿಡಿದು, ಕುರ್ಚಿಯಲ್ಲಿ ಕೂತು ಸ್ಟೀರಿಂಗಿನ ಹಾಗೆ ತಿರುಗಿಸಿದಳು. ಮತ್ತೆ ತಿರುಗಿಸಿದಳು. ಇಪ್ಪತ್ತೆರಡು ವರ್ಷ ದಿನಕ್ಕೆ ನೂರು ಸಲ ಮಾಡಿದ ಕೆಲಸ ಮಾತಿನಲ್ಲಿ ಹೇಳಲು ಬರಲಿಲ್ಲ. ಯಾವುದೋ ಒಂದು ಸಂಖ್ಯೆ ಬರೆದು ಕಳಿಸಬಹುದಿತ್ತು, ಯಾರು ಕೇಳುತ್ತಿದ್ದರು? ಆದರೆ ನೋಡದೆ ಬರೆದು ಅವಳಿಗೆ ರೂಢಿಯಿಲ್ಲ.

ಸೋಮವಾರ ಬೆಳಿಗ್ಗೆ ಮ್ಯಾನೇಜರ್ ಮೇಜಿನ ಮುಂದೆ ಹೋಗಿ ನಿಂತಳು. “ಸರ್, ಒಂದು ಖಾಲಿ ಬಸ್ಸು ಬೇಕಿತ್ತು. ಅರ್ಧ ಗಂಟೆ.”

ಅವರು ಪೆನ್ನು ಕೆಳಗಿಟ್ಟರು. “ಯಾರು ಓಡಿಸ್ತಾರೆ?”

“ನಾನೇ. ಒಬ್ಬರಿಗೆ ಒಂದು ಉತ್ತರ ಕೊಡ್ಬೇಕಾಗಿದೆ.”

ಏನು ಉತ್ತರ, ಯಾರಿಗೆ ಎಂದು ಆ ಒಳ್ಳೆಯ ಮನುಷ್ಯ ಕೇಳಲಿಲ್ಲ. ಗ್ರೀಸಣ್ಣ ಜೊತೆಗಿರಲಿ ಎಂದಷ್ಟೇ ಹೇಳಿ ಚೀಟಿ ಬರೆದುಕೊಟ್ಟರು.

ಗ್ರೀಸಣ್ಣ ಮುಂದಿನ ಸೀಟಿನಲ್ಲಿ ಕೂತು ವಾಚ್ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ಬಸ್ಸು ಗೇಟು ದಾಟಿತು. ಹೆದರುತ್ತಲೇ ಅವಳು ಗೇರು ಬದಲಿಸಿದಳು, ಬಸ್ಸು ಹೋಗುತ್ತಿತ್ತು. ಸರಿಯಾಗಿ ತಿರುವಿರುವ ರಸ್ತೆ ಹತ್ತಿರದಲ್ಲಿ ಒಂದೇ. ನೀರಿನ ಟ್ಯಾಂಕು ಕಂಡಿತು, ಹೊಸದಾಗಿ ಕಟ್ಟಿದ ಗೋಡೆ ಕಂಡಿತು. ಅವಳು ವೇಗ ತಗ್ಗಿಸಿ ಸ್ಟೀರಿಂಗ್ ತಿರುಗಿಸಿದಳು, ಬಸ್ಸು ತಿರುಗಿತು. ಇನ್ನು ಕೈ ಸಡಿಲ ಬಿಡಬೇಕು, ಬಿಟ್ಟರೆ ತಾನೇ ಗೊತ್ತಾಗುವುದು. ಬೆರಳು ಬಿಗಿದೇ ಇದ್ದವು.

“ಎಣಿಸ್ಲಾ?” ಎಂದ ಗ್ರೀಸಣ್ಣ.

“ಹೂಂ, ಎಣಿಸಿ,” ಎಂದು ಅವಳು ಬಿಟ್ಟಳು.

ಆ ಮಧ್ಯಾಹ್ನ ಕೌಂಟರಿನಲ್ಲಿ ಕೂತು, ತಮ್ಮನಿಗೂ ಹೇಳುವ ಮುಂಚೆ, ಫೋನಿನಲ್ಲೇ ಬರೆದು ಕಳಿಸಿದಳು:

“ಒಂಬತ್ತನೆಯದಕ್ಕೆ ಉತ್ತರ. ಎರಡೂವರೆ ಸೆಕೆಂಡು. ಕೈ ಏನೂ ಮಾಡುತ್ತಿರುವುದಿಲ್ಲ, ಸುಮ್ಮನೆ ತಾಗಿಕೊಂಡಿರುತ್ತದೆ, ಸ್ಟೀರಿಂಗ್ ಅದರೊಳಗೆ ಜಾರಿಕೊಂಡು ಹೋಗುತ್ತದೆ. ಮೊದಲ ಸಲ ನಂಬಿಕೆಯಾಗದೆ ಇಂದು ಬೆಳಿಗ್ಗೆ ಆರು ಸಲ ಹೋಗಿ ನೋಡಿ ಬಂದೆ.”