ಫೋಟೋಕ್ಕೆ ನಿಂತ ತೋಟ

"ಕುಡ್ಲು ಕೆಳಗಿಕ್ಕು ಅಂದ್ನಲ್ಲ! ಒಂದು ಕಡ್ಡಿ ಮುಟ್ಟಿದ್ರೆ ನೋಡು!" ಹನುಮಂತಯ್ಯ ತೋಟದ ಬದುವಿನ ಮೇಲೆ ಹೆಂಡತಿಗೆ ಅಡ್ಡ ನಿಂತಿದ್ದ.

ಮಾಯಮ್ಮನಿಗೆ ರೇಗಿತು. ಮನೆಯೊಳಗೆ ರೇಷ್ಮೆಹುಳ ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಎದ್ದಿದ್ದವು. ಹಾಗೆ ಎದ್ದ ಹುಳಕ್ಕೆ ರಾಕ್ಷಸ ಹಸಿವು. ಹೊತ್ತು ಹೊತ್ತಿಗೆ ಸೊಪ್ಪು ಬೀಳದಿದ್ದರೆ ಗೂಡಿನ ಮಾತೇ ಇಲ್ಲ. ಇಲ್ಲಿ ನೋಡಿದರೆ ಎದೆಮಟ್ಟ ಬೆಳೆದ ಹಿಪ್ಪುನೇರಳೆ ಸೊಪ್ಪಿಗೆ ಇವನ ಕಾವಲು! ಇವನ ಬುದ್ಧಿಗಿಷ್ಟು!

"ತಲೆ ಎತ್ಕಂಡು ಸೊಪ್ಪು ಹುಡುಕ್ತಾವೆ ಕಣಿ. ಪಾಪ ತಟ್ತದೆ."

"ಗುರುವಾರ ಗಂಟ ತಡ್ಕಳ್ಳಮ್ಮಿ. ಹುಳ ಹೋದ್ರೆ ಇನ್ನೊಂದು ಬೆಳೆ ಬತ್ತದೆ. ಭೂಮಿ ಹೋದ್ರೆ?"

ಅವಳು ಕುಡುಗೋಲು ಕೆಳಗಿಟ್ಟಳು. ಹಾರೋಹಳ್ಳಿಯ ಫ್ಯಾಕ್ಟರಿಗಳು ಊರಿನತ್ತ ಸರಿಯುತ್ತಲೇ ಇದ್ದವು. ಹೊಸದಕ್ಕೆ ಜಾಗ ಹುಡುಕುವವರು ಉಪಗ್ರಹದ ಫೋಟೋ ತರಿಸಿದ್ದರು. ಹಾಳಾದ್ದು ಆ ಉಪಗ್ರಹ ಊರಿನ ನೆತ್ತಿಯ ಮೇಲೆ ಹಾದದ್ದು ವರ್ಷಕ್ಕೊಮ್ಮೆ ಗಿಡವನ್ನು ಬುಡಮಟ್ಟ ಕತ್ತರಿಸುವ ವಾರದಲ್ಲೇ. ಮೇಲಿನಿಂದ ಬರೀ ಕೆಮ್ಮಣ್ಣು ಕಂಡಿತು. ನಕ್ಷೆಯಲ್ಲಿ ಊರಿನ ತೋಟಗಳೆಲ್ಲ ಬೀಳುಭೂಮಿಯಾದವು. ಸರ್ವೆಯವರ ಜೊತೆ ಓಡಾಡುವ ಮಾಯಮ್ಮನ ತಮ್ಮ ದೇವರಾಜುವೇ ಸುದ್ದಿ ತಂದಿದ್ದ: "ತಕರಾರು ಹಾಕಿದ್ರಲ್ಲ ಭಾವ, ಗುರುವಾರ ಇನ್ನೊಂದು ಫೋಟೋ ತೆಗೀತಾರೆ. ಹಸ್ರು ಕಂಡ್ರೆ ಬುಟ್ಬುಡ್ತಾರೆ."

ಅಷ್ಟು ಸಾಕಾಯಿತು. ಊರಲ್ಲಿ ಯಾರೂ ಕುಡುಗೋಲು ಮುಟ್ಟಲಿಲ್ಲ. ಕೈಕಾಲು ಹಿಡಿದರೂ ಮಾಯಮ್ಮನಿಗೆ ಒಂದು ಹೊರೆ ಸೊಪ್ಪು ಹುಟ್ಟಲಿಲ್ಲ.

ಗುರುವಾರ ಬೆಳಗಿನಿಂದ ಮೋಡ ಕವಿದದ್ದು ಕವಿದೇ ಇತ್ತು. ಹನುಮಂತಯ್ಯ ಊಟಕ್ಕೂ ಬಾರದೆ ಕತ್ತೆತ್ತಿ ನಿಂತಿದ್ದ. ಸಂಜೆ ತಾನೇ ಹೊರೆ ಹೊತ್ತು ತಂದು ಹುಳದ ತಟ್ಟೆಗಳ ತುಂಬ ಸುರಿದ. ಹುಳಗಳು ತಲೆ ಎತ್ತಲಿಲ್ಲ. ಒಂದೊಂದೇ ಮೆತ್ತಗಾಗಿ ಕಪ್ಪಿಟ್ಟವು. ಮಾಯಮ್ಮ ಅಳುತ್ತಲೇ ಅವನ್ನು ಗುಂಡಿಗೆ ಹಾಕಿದಳು.

ವಾರ ಬಿಟ್ಟು ದೇವರಾಜು ಬಂದ. "ಫೋಟೋದಲ್ಲಿ ಬರೀ ಮೋಡ ಬಂದೈತೆ ಭಾವ. ಹಳೇ ಫೋಟೋನೇ ಗಟ್ಟಿ ಮಾಡವ್ರೆ." ಆಮೇಲೆ ಅತ್ತಿತ್ತ ನೋಡಿ, "ಹುಳ ಎಲ್ಲಿ ಅಕ್ಕಾ?" ಎಂದ.

ಅವಳು ಹೇಳಿದಳು.

"ಅಯ್ಯೋ! ನಾಕು ಸಾಲು ಕುಯ್ದಿದ್ರೆ ಅಷ್ಟು ಮೇಲಿಂದ ಏನು ಗೊತ್ತಾಯ್ತಿತ್ತು?"

"ನೀನು ಹೇಳ್ಲಿಲ್ವಲ್ಲಾ," ಅಂದ ಹನುಮಂತಯ್ಯ.

"ನೀವು ಕೇಳ್ಲಿಲ್ವಲ್ಲ ಭಾವ."

ಹನುಮಂತಯ್ಯ ಗೋಡೆಗೊರಗಿ ಕುಳಿತ. ಮುಸ್ಸಂಜೆಗೆ ಒಳಗಿನಿಂದ ಸರಸರ ಸದ್ದು ಬಂತು. ಮೈತುಂಬಿದ ಹುಳ ಸೊಪ್ಪು ಮೇಯುವ ಸದ್ದು. ಮಾಯಮ್ಮ ದಡಬಡಿಸಿ ಎದ್ದು ಹೋಗಿ ಗೋಣಿಪರದೆ ಸರಿಸಿದಳು. ತೊಳೆದ ತಟ್ಟೆಗಳು ಬೋರಲು ಬಿದ್ದಿದ್ದವು. ಹೆಂಚಿನ ಮೇಲೆ ಮಳೆ ಹಿಡಿದಿತ್ತು.