ಮೈಕಿನ್ಯಾಗ ಹೇಳ್ರಿ

ನೆಲೋಗಿಯ ಶಾಲೆ ಬಯಲಿನಲ್ಲಿ ಅಬ್ದುಲ್ ಗನಿ ಬೆಳಗಿನಿಂದ ಪೆಂಡಾಲಿನ ಗುಂಡಿ ತೋಡುತ್ತಿದ್ದ. ಎರೆಮಣ್ಣು ಒಣಗಿ ಕಲ್ಲಾಗಿತ್ತು. ಹಾರೆ ಹಿಡಿದ ಅಂಗೈಯ ಬೊಬ್ಬೆಗಳು ಒಡೆದಿದ್ದವು. ಚುನಾವಣೆಗೆ ನಿಂತ ಇಬ್ಬರು ಸಂಜೆ ಒಂದೇ ವೇದಿಕೆಯಲ್ಲಿ ವಾದ ಮಾಡುವವರಿದ್ದರು. ಒಬ್ಬರು ದೌಲತರಾಯ ಸಾವಕಾರರು, ಇನ್ನೊಬ್ಬರು ಅಮರನಾಥ ವಕೀಲರು. ಗನಿ ಇಪ್ಪತ್ತು ವರ್ಷದಿಂದ ಸಾವಕಾರರ ಪಕ್ಷದ ಬಾವುಟ ಕಟ್ಟಿದವನು.

ಹದಿನೆಂಟು ದಿನದ ಹಿಂದೆ ಅವನ ತಂಗಿ ಮುಮತಾಜ ಹತ್ತಿ ಬಿಡಿಸಲು ಹೊರಟಾಗ ಮರಳಿನ ಟಿಪ್ಪರಿಗೆ ಸಿಕ್ಕು ಸತ್ತಿದ್ದಳು. ಗನಿಯೇ ಅವಳನ್ನು ಗೋಣಿತಟ್ಟಿನಲ್ಲಿ ಬಳಿದು ತಂದಿದ್ದ. ಭೀಮಾ ನದಿಯ ಮರಳು ಕದ್ದೊಯ್ಯುವ ಆ ರಸ್ತೆಯಲ್ಲಿ ಆ ವರ್ಷ ಸತ್ತವರಲ್ಲಿ ಅವಳು ನಾಲ್ಕನೆಯವಳು. ಟಿಪ್ಪರು ನಿಲ್ಲಬೇಕೆಂದು ವಕೀಲರು ಊರೂರಲ್ಲಿ ಹೇಳುತ್ತಿದ್ದರು.

ಮಧ್ಯಾಹ್ನ ಗನಿ ಸಾವಕಾರರ ಮನೆಗೆ ಹೋದ.

"ಸಾವಕಾರ್ರೇ, ಟಿಪ್ಪರಿಂದು ವಕೀಲರು ಅನ್ನೋದು ಖರೇ ಅದ ಅಂತ ನೀವೂ ಅಂದ್ಬಿಡ್ರಿ. ಇಬ್ರೂ ಒಂದ ಮಾತಾಡಿದ್ರ ತಹಶೀಲ್ದಾರ್ರು ಹೆಂಗ ಸುಮ್ಮ ಕೂಡ್ತಾರ?"

"ಖರೇನೇ ಅದ ಗನಿ, ನಂಗ ಗೊತ್ತಿಲ್ಲೇನು? ಆದ್ರ ಸ್ಟೇಜ್ ಮ್ಯಾಗ ಅವನಿಗಿ ಹೌದಂದ್ರ ನಾ ಅಲ್ಲೇ ಸೋತಂಗ. ಎಲೆಕ್ಷನ್ ಮುಗೀಲಿ, ನೋಡಮು."

ಸಂಜೆ ವಕೀಲರು ಮುಮತಾಜಳ ಹೆಸರೆತ್ತಿ ಮಾತಾಡಿದರು. ಸಾವಕಾರರು ಮೈಕು ಹಿಡಿದರು.

"ಎಲ್ಲಾ ಸುಳ್ಳ. ಆ ಹೆಣ್ಮಗಳು ರಸ್ತಾ ನಡುವ ನಡದಿದ್ಳು. ತನ್ನ ಸಾವು ತಾನೇ ತಂದ್ಕೊಂಡ್ಳು."

ವಕೀಲರ ಕಡೆಯ ಮಂದಿಯ ನಡುವಿನಿಂದ ಮುಮತಾಜಳ ಮಗ ಅಜರುದ್ದೀನ ಎದ್ದ. ಚೌಡಾಪುರದ ಗ್ಯಾರೇಜಿನಲ್ಲಿ ದುಡಿಯುವ ಆಳು. ಎರಡು ಮಕ್ಕಳ ತಂದೆ.

"ನಮ್ಮ ಅಮ್ಮಿ ಹೊಲದ ಬದುವಿನ ಮ್ಯಾಗ ಇದ್ಳರಿ. ನೀವೇ ಬಂದು ನೋಡೀರಿ. ಸುಳ್ಳ್ಯಾಕ ಹೇಳ್ತೀರಿ?"

ಮೊದಲು ಒಂದು ಕುರ್ಚಿ ಅವನ ಮುಖಕ್ಕೆ ಬಿತ್ತು. ಆಮೇಲೆ ಎರಡೂ ಕಡೆಯವರು ಬಾವುಟದ ಬಟ್ಟೆ ಕಿತ್ತೆಸೆದು ಕೋಲುಗಳನ್ನು ಕೈಗೆ ತೆಗೆದುಕೊಂಡರು. ಹಲ್ಲು ಮುರಿದವು, ಬುರುಡೆ ಒಡೆದವು. ಯಾರೋ ಗನಿಯ ಕೈಗೂ ಒಂದು ಕೋಲು ತುರುಕಿದರು.

"ಹೊಡಿ ಗನಿ, ಆಕಡಿಯಾಂವ."

ಕೆಳಗೆ ಬಿದ್ದವನು ಅಜರುದ್ದೀನ. ಗನಿ ಕೋಲು ಎಸೆದು ಸೋದರಳಿಯನ ಮೇಲೆ ಅಡ್ಡ ಬಿದ್ದ. ತನ್ನ ಪಕ್ಷದವರ ಏಟಿಗೇ ಅವನ ಎಡಗೈ ಮುರಿಯಿತು. ಅಜರುದ್ದೀನನ ಕಿವಿಯಿಂದ ರಕ್ತ ಸುರಿಯುತ್ತಿತ್ತು.

"ಮಾಮು, ಕಣ್ಣ ಕಾಣವಲ್ದು."

ಗನಿ ಒಂದೇ ಕೈಯಲ್ಲಿ ಅವನನ್ನು ಹೆಗಲಿಗೆ ಹಾಕಿಕೊಂಡು ಹೆಡ್‌ಮಾಸ್ತರರ ಕೋಣೆಗೆ ಓಡಿದ. ಕಾವಲಿಗಿದ್ದ ನಾಲ್ಕೈದು ಪೊಲೀಸರು ನಾಯಕರಿಬ್ಬರನ್ನೂ ಅಲ್ಲಿ ಕೂಡಿಸಿ ಬಯಲಿಗೆ ಹೋಗಿದ್ದರು. ಇಬ್ಬರೂ ಚಹಾ ಕುಡಿಯುತ್ತಿದ್ದರು.

"ನೀವೂ ಹೌದಂದಿದ್ರ ನಾ ಏನ್ ಹೇಳಿ ವೋಟ್ ಕೇಳ್ಬೇಕಿತ್ರಿ ಸಾವಕಾರ್ರೇ?" ಎಂದು ವಕೀಲರು ನಗುತ್ತಿದ್ದರು.

"ಗಾಡಿ ಕೊಡ್ರಿ, ಜೇವರ್ಗಿ ದವಾಖಾನಿಗಿ ಒಯ್ತೇನಿ," ಎಂದ ಗನಿ.

"ಅಂವ ವಕೀಲರ ಕಡಿಯಾಂವ. ಅವರ ಗಾಡ್ಯಾಗ ಹೋಗ್ಲಿ," ಎಂದರು ಸಾವಕಾರರು.

"ಹೊಡದವರು ನಿಮ್ಮ ಮಂದಿ. ನನ್ನ ಗಾಡಿ ಕಂಡ್ರ ದಾರ್ಯಾಗ ಕಲ್ಲ್ ಒಗೀತಾರ."

ಅವರು ಹೀಗೆ ಮಾತಾಡುತ್ತಿರುವಾಗಲೇ ಹೆಗಲ ಮೇಲಿನ ಉಸಿರು ನಿಂತಿತು. ಗನಿಗೆ ತಿಳಿಯಿತು. ಹೆಣವನ್ನು ಅವರ ಮುಂದಿನ ಟೇಬಲ್ಲಿನ ಮೇಲೆ ಮಲಗಿಸಿದ. ಕಪ್ಪುಗಳು ಉರುಳಿದವು. ಹೊರಗೆ ಬಂದು ಚಿಲಕ ಹಾಕಿದ, ನೇರ ವೇದಿಕೆ ಹತ್ತಿದ. ಮೈಕು ಇನ್ನೂ ಚಾಲೂ ಇತ್ತು.

"ಅಜರುದ್ದೀನ ಸತ್ತ. ಇಬ್ರೂ ಒಳಗ ಕುಂತು ಚಹಾ ಕುಡೀಲಾಕತ್ತಾರ. ಟಿಪ್ಪರಿನ ಮಾತು ಖರೇ ಅದ ಅಂತ ಸಾವಕಾರರು ಮಧ್ಯಾಹ್ನ ನನ್ನ ಮುಂದ ಒಪ್ಪ್ಯಾರ. ಅವರು ಒಪ್ಪಿದ್ರ ವಕೀಲರಿಗಿ ವೋಟಿಲ್ಲಂತ. ನಾವ್ಯಾಕ ಹೊಡದಾಡಾಕತ್ತೇವಿ?"

ಎತ್ತಿದ ಕೋಲುಗಳು ಇಳಿದವು. ಮುಮತಾಜಳ ಜೊತೆ ಹತ್ತಿ ಬಿಡಿಸುತ್ತಿದ್ದ ಸುಭದ್ರಾಬಾಯಿ ಎಲ್ಲರಿಗಿಂತ ಮೊದಲು ಕೋಣೆಯ ಬಾಗಿಲಿಗೆ ಹೋಗಿ ನಿಂತಳು. ಹಿಂದೆ ಎರಡೂ ಪಕ್ಷದ ಮಂದಿ ಬಂದರು. ವೈರು ಎಳೆದು ಕಿಟಕಿಯ ಸರಳಿನೊಳಗೆ ಮೈಕು ತೂರಿಸಿದರು.

"ಒಪ್ಪಿದ್ದು ಮೈಕಿನ್ಯಾಗ ಹೇಳ್ರಿ," ಎಂದಳು ಸುಭದ್ರಾಬಾಯಿ. "ಆಮ್ಯಾಲ ಚಿಲಕ ತೆಗೀತೇವಿ."

ಮೈಕು ಕರಕರ ಅಂದಿತು. ಆಮೇಲೆ ಸಾವಕಾರರ ದನಿ ಬಂತು: "ವಕೀಲರು ಹೇಳಿದ್ದು... ಖರೇ ಅದ." ವಕೀಲರೂ ಹೇಳಿದರು: "ಇದರಾಗ ನಮ್ಮಿಬ್ಬರಿಗಿ ಭೇದ ಇಲ್ಲ." ಯಾರೂ ಚಪ್ಪಾಳೆ ತಟ್ಟಲಿಲ್ಲ.

ಅಷ್ಟರಲ್ಲಿ ಜೇವರ್ಗಿಯಿಂದ ವ್ಯಾನು ತುಂಬಿ ಇನ್ನಷ್ಟು ಪೊಲೀಸರು ಬಂದರು. ಹೆಂಗಸರು ಗಂಡಸರೆನ್ನದೆ ಬಡಿದರು. ನಾಯಕರು ತಮ್ಮ ತಮ್ಮ ಗಾಡಿ ಹತ್ತಿ ಹೋದರು. ಅವರನ್ನು ಕೂಡಿಹಾಕಿದ್ದಕ್ಕೆ ಗನಿಯ ಮೇಲೆ ಕೇಸು ಬಿತ್ತು. ಅಜರುದ್ದೀನನನ್ನು ಕೊಂದವರು ಯಾರೋ ಅಪರಿಚಿತರು ಎಂದು ಬರೆದುಕೊಂಡರು.

ಮರುದಿನ ಅಜರುದ್ದೀನನ ಹೆಣ ಹೊತ್ತ ಜನಾಜಾ ಹೊರಟಾಗ ಎದುರಿಗೆ ಟಿಪ್ಪರು ಬಂತು. ಗನಿ ಠಾಣೆಯಲ್ಲಿದ್ದ. ಅವನ ಜಾಗದಲ್ಲಿ ವಕೀಲರ ಪಕ್ಷದವನೊಬ್ಬನೂ ಸಾವಕಾರರ ಪಕ್ಷದವನೊಬ್ಬನೂ ಹೆಗಲು ಕೊಟ್ಟಿದ್ದರು. ಟಿಪ್ಪರು ಹಾರ್ನು ಹೊಡೆಯಿತು. ಜನಾಜಾ ರಸ್ತೆಯ ನಡುವೆಯೇ ನಿಂತಿತು. ಸುಭದ್ರಾಬಾಯಿ ಬಾಗಿ ಒಂದು ಕಲ್ಲು ತೆಗೆದುಕೊಂಡಳು. ಅವಳ ಹಿಂದೆ ಇದ್ದವರೆಲ್ಲ ಬಾಗಿದರು.